ನಾಲ್ಕು ಮೂಲೆಯ ಅರಿಶಿನ

ಕೊರೋನಾ ಕಳೆದು ಮದುವೆ ಛತ್ರಗಳು ಮತ್ತೆ ತುಂಬತೊಡಗಿದ ವರ್ಷ ಇದು ನಡೆದದ್ದು. ಆಗ ನನಗೆ ಅರವತ್ತಮೂರು. ಸೇಲಂನ ಗುಗೈ ಕಡೆ, ಮಗ್ಗದ ಸದ್ದು ಇನ್ನೂ ಪೂರ್ತಿ ನಿಂತಿರದ ಒಂದು ಬೀದಿಯಲ್ಲಿ ನಮ್ಮ ಮನೆ. ಅದರ ಮುಂದಿನ ಕೋಣೆಯಲ್ಲಿ ಕುಳಿತು ನಾನು ಕಾಗದಕ್ಕೆ ನೀರಿನ ಬಣ್ಣ ಹಾಕುತ್ತಿದ್ದೆ, ಬ್ರಷ್ಷಿನಲ್ಲಿ ಜನರ ಹೆಸರು ಬರೆಯುತ್ತಿದ್ದೆ. ಅದೇ ನನ್ನ ಉದ್ಯೋಗ. ಅಂಗಡಿ ಇಲ್ಲ, ಬೋರ್ಡಿಲ್ಲ. ಸೊಸೆ ಕಲಾಳ ಕೈಯಲ್ಲಿದ್ದ ಫೋನೇ ನಮ್ಮ ಅಂಗಡಿ.

ಓದು ಕೇಳಿದರೆ, ತಮಿಳು ಸ್ಕೂಲಿನಲ್ಲಿ ಮೂರನೇ ಕ್ಲಾಸು. ನಾವು ಮನೆಯಲ್ಲಿ ಆಡುವುದು ಕನ್ನಡ, ಆದರೆ ಅದನ್ನು ಬರೆಯಲು ನಮಗೆ ಯಾರೂ ಕಲಿಸಲಿಲ್ಲ. ಇದನ್ನು ನಾನು ಹೇಳಿದೆ, ಹೊಸೂರಿನಲ್ಲಿ ಕನ್ನಡ ಮೇಷ್ಟ್ರಾಗಿರುವ ನನ್ನ ತಂಗಿಯ ಮಗ ಬರೆದುಕೊಂಡ. ಮಾತನ್ನು ತಿದ್ದಿದ್ದಾನೆ. ನಡೆದದ್ದನ್ನು ತಿದ್ದಲು ನಾನು ಬಿಟ್ಟಿಲ್ಲ.

ಹೆಚ್ಚು ಓದದವಳು ಅಕ್ಷರ ಬರೆದು ಬದುಕುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ನನ್ನ ಗಂಡ ಸೀರೆಯ ಅಂಚಿಗೆ ಡಿಸೈನ್ ಬರೆಯುವ ಕೆಲಸ ಮಾಡುತ್ತಿದ್ದರು. ಚೌಕ ಚೌಕವಾಗಿ ಗೆರೆ ಎಳೆದ ಗ್ರಾಫ್ ಕಾಗದದಲ್ಲಿ ಅವರು ಹೂವು, ಗೋಪುರ, ಮಾವಿನಕಾಯಿ ಗುರುತಿಸುತ್ತಿದ್ದರು. ಒಂದು ಚೌಕ ಎಂದರೆ ಮಗ್ಗದಲ್ಲಿ ಒಂದು ಎಳೆ. ಆ ಚೌಕಗಳಿಗೆ ನೀರಿನ ಬಣ್ಣ ತುಂಬುವುದು ನನ್ನ ಕೆಲಸ. ಅಡುಗೆ ಮುಗಿಸಿ, ನೂಲು ಸುತ್ತಿ, ಆಮೇಲೆ ಬ್ರಷ್ ಹಿಡಿಯುತ್ತಿದ್ದೆ. ಅದು ನನಗೆ ಇಷ್ಟವಾಗಿತ್ತು. ಮನೆಗೆಲಸದಲ್ಲಿ ಇಷ್ಟವಾದದ್ದು ಅದೊಂದೇ.

ಡಿಸೈನ್ ಕಂಪ್ಯೂಟರಿಗೆ ಹೋಯಿತು. ಅವರು ತೀರಿಕೊಂಡರು. ಬಣ್ಣದ ಡಬ್ಬ ಉಳಿಯಿತು. ಅಕ್ಷರ ಕಲಿಸಿದವನು ಬೀದಿಯ ತುದಿಯಲ್ಲಿ ಗೋಡೆ ಬರೆಯುತ್ತಿದ್ದ ಒಬ್ಬ ಪೇಂಟರ್. ಚಪ್ಪಟೆ ಬ್ರಷ್ಷನ್ನು ಓರೆ ಹಿಡಿದರೆ ಸಣ್ಣ ಗೆರೆ, ನೇರ ಹಿಡಿದರೆ ದಪ್ಪ ಗೆರೆ. ತಿರುಗಿಸುವುದು ಮಣಿಕಟ್ಟಿನಲ್ಲಿ ಅಲ್ಲ, ಬೆರಳಿನಲ್ಲಿ. ಇಷ್ಟನ್ನು ಅವನು ತೋರಿಸಿದ. ನಾನು ಅಕ್ಷರವನ್ನು ಅಂಚಿನ ಬುಟ್ಟಾ ನೋಡುವ ಹಾಗೆ ನೋಡುತ್ತೇನೆ, ನೋಡಿದ್ದನ್ನು ಬರೆಯುತ್ತೇನೆ. ತಮಿಳಾದರೂ ಅಷ್ಟೆ, ಇಂಗ್ಲಿಷಾದರೂ ಅಷ್ಟೆ. ಕನ್ನಡದ್ದನ್ನು ತಂಗಿಯ ಮಗ ದೊಡ್ಡದಾಗಿ ಬರೆದು ಫೋನಿನಲ್ಲಿ ಕಳಿಸುತ್ತಾನೆ. ಸಾಲು ನೆಟ್ಟಗೆ ಬರಲು ಸ್ಕೇಲ್ ಇಡುವುದಿಲ್ಲ. ಸೀಮೆಸುಣ್ಣ ಸವರಿದ ನೂಲನ್ನು ಎರಡು ಕಡೆ ಬಿಗಿಯಾಗಿ ಹಿಡಿದು ಒಮ್ಮೆ ಮೀಟಿದರೆ ಕಾಗದದ ಮೇಲೆ ಗೆರೆ ಬೀಳುತ್ತದೆ. ಬರೆದದ್ದು ಒಣಗಿದ ಮೇಲೆ ಊದಿದರೆ ಆ ಗೆರೆ ಹೋಗುತ್ತದೆ.

ವ್ಯಾಪಾರ ಮಾಡೋಣ ಎಂದದ್ದು ನಾನಲ್ಲ, ಕಲಾ. ಅವಳು ಬೆಳ್ಳಿ ಕಾಲುಗೆಜ್ಜೆ ಮಾಡುವ ಪಟ್ಟರೆಯಲ್ಲಿ ಬೆಸುಗೆ ಹಾಕುತ್ತಿದ್ದಳು. ಪಟ್ಟರೆ ಎಂದರೆ ಇಲ್ಲಿ ವರ್ಕ್‌ಶಾಪು. ಹೊಗೆಗೆ ಅವಳಿಗೆ ಕೆಮ್ಮು ಹಿಡಿದಿತ್ತು. ಒಂದು ದಿನ ಮೊಮ್ಮಗಳ ಹೆಸರನ್ನು ನಾನು ಬಳ್ಳಿ ಬರೆದು ಕಾಗದದ ಮೇಲೆ ಹಾಕಿದ್ದನ್ನು ಫೋಟೋ ಹಿಡಿದು ಫೋನಿನಲ್ಲಿ ಹಾಕಿದಳು. ಯಾರೋ ತಮಗೂ ಬೇಕೆಂದರು. ಆಮೇಲೆ ಮಗುವಿನ ಹೆಸರಿನ ಫ್ರೇಮು, ಮನೆಯ ಹೆಸರಿನ ಹಲಗೆ, ರಿಟೈರ್ ಆದವರಿಗೆ ಕೊಡುವ ಕಾರ್ಡು ಹೀಗೆ ಒಂದೊಂದೇ ಬಂತು. ಕಲಾ ಪಟ್ಟರೆ ಬಿಟ್ಟಳು. ಅವಳು ಬಿಟ್ಟಳು ಎಂದ ಮೇಲೆ ನನಗೆ ಇದು ಇಷ್ಟದ ಕೆಲಸವಾಗಿ ಮಾತ್ರ ಉಳಿಯಲಿಲ್ಲ. ಇದು ನಡೆಯಲೇಬೇಕಾಯಿತು.

ಮದುವೆಯ ಆರ್ಡರ್ ಮಾತ್ರ ಬಂದಿರಲಿಲ್ಲ. ಏಕೆಂದು ನನಗೆ ಗೊತ್ತಿತ್ತು, ಕಲಾಳಿಗೂ ಗೊತ್ತಿತ್ತು. ಗಂಡ ಸತ್ತವಳ ಕೈಯಲ್ಲಿ ಲಗ್ನಪತ್ರಿಕೆ ಬರೆಸುವವರು ಯಾರು? ಬೀದಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಫ್ರೇಮು ನೋಡಿ ಚೆನ್ನಾಗಿದೆ ಎಂದು, ಮದುವೆ ಪತ್ರಿಕೆಗೆ ಪ್ರೆಸ್ಸಿಗೆ ಹೋಗುತ್ತಿದ್ದರು.

ಅಂಥಾದ್ದರಲ್ಲಿ ನಮ್ಮ ಎದುರು ಮನೆಯ ಜಯಂತಿಯ ಮಗಳು ಪ್ರಿಯಾ ಬಂದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ. ಹರೂರಿನ ಜವಳಿ ಅಂಗಡಿಯವರ ಮಗನಿಗೆ ಅವಳನ್ನು ಗೊತ್ತು ಮಾಡಿದ್ದರು. ಅವರೂ ಮನೆಯಲ್ಲಿ ಕನ್ನಡ ಆಡುವವರೇ. ಪತ್ರಿಕೆಯ ವಿಷಯವೆಲ್ಲ ತಮಿಳಿನಲ್ಲಿ ಪ್ರಿಂಟ್ ಆಗಲಿ, ಹತ್ತಿರದ ನೆಂಟರಿಗೆ ಕೊಡುವ ನೂರಿಪ್ಪತ್ತರಲ್ಲಿ ಮಾತ್ರ ಸುತ್ತ ಅಂಚು, ನಡುವೆ ಹುಡುಗ ಹುಡುಗಿಯ ಹೆಸರು ಕನ್ನಡದಲ್ಲಿ, ಕೈಯಲ್ಲೇ ಬರೆಯಬೇಕು ಎಂದಳು. ಹಿಂದೆ ನಿಂತಿದ್ದ ಜಯಂತಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಿದ್ದಳು.

ನಾನು ಅವಳನ್ನೇ ಕೇಳಿದೆ. "ನನ್ನ ಕೈ ಪರವಾಗಿಲ್ವಾ ಜಯಂತಿ? ಈಗ್ಲೇ ಏಳ್ಬಿಡು. ಆಮೇಲೆ ಬ್ಯಾಡ."

ಜಯಂತಿ ನೆಲ ನೋಡಿದಳು. ಪ್ರಿಯಾ ಅಂದಳು, "ಅಜ್ಜಿ, ನಮ್ಮ ಅವ್ವ ಉಟ್ಟಿರೋ ಸೀರೆ ಅಂಚು ತಾತ ಬರ್ದಿದ್ದು, ನೀವು ಬಣ್ಣ ತುಂಬಿದ್ದು. ಅದನ್ನ ಉಟ್ಕೊಂಡು ಕೇಳಿದ್ರೆ ಎಂಗೆ?"

ಆರ್ಡರ್ ಆಯಿತು.

ಮಾರ್ಗಳಿ ತಿಂಗಳು ಪೂರ್ತಿ ಅದನ್ನೇ ಮಾಡಿದೆ. ಮಾರ್ಗಳಿಯಲ್ಲಿ ಇಲ್ಲಿ ಶುಭಕಾರ್ಯ ಮಾಡುವುದಿಲ್ಲ, ಮದುವೆ ಸಂಕ್ರಾಂತಿಗೆ ಹುಟ್ಟುವ ತೈ ತಿಂಗಳ ಕೊನೆಗೆ. ಹತ್ತಿಯಿಂದ ಮಾಡಿದ ದಪ್ಪ ಕಾಗದ ತರಿಸಿದೆವು. ಅದು ನೀರನ್ನು ಚೆನ್ನಾಗಿ ಕುಡಿಯುತ್ತದೆ. ಮೊದಲು ತೆಳುವಾಗಿ ಒಂದು ಕೈ ಬಣ್ಣ ಬಿಡಬೇಕು. ಅದಕ್ಕೆ ವಾಶ್ ಎನ್ನುತ್ತಾರೆ. ಅದು ಒಣಗಿದ ಮೇಲೆ ಅದರ ಮೇಲೆ ಗಟ್ಟಿ ಬಣ್ಣ. ಅಂಚಿಗೆ ಅರಗಿನ ಕೆಂಪು, ಅದರಲ್ಲಿ ಸಾಲು ಗೋಪುರ. ನಾಲ್ಕು ಮೂಲೆಗೂ ಒಂದೊಂದು ಮಾವಿನಕಾಯಿ.

ಮೂಲೆಯ ವಿಷಯ ಸ್ವಲ್ಪ ಹೇಳಬೇಕು. ಸೀರೆಯಲ್ಲಿ ಅಂಚೂ ಸೆರಗೂ ಕೂಡುವ ಜಾಗ ಮೂಲೆ. ನೇಯ್ಗೆಯವನ ಮಾನ ಇರುವುದು ಅಲ್ಲಿ. ಸೀರೆ ಕೊಳ್ಳಲು ಬಂದ ನಮ್ಮ ಜನ ಮೊದಲು ಮೂಲೆ ಹಿಡಿದು ನೋಡುತ್ತಾರೆ, ಆಮೇಲೆ ಒಡಲು. ಬೇರೆಯವರು ಪತ್ರಿಕೆ ಮಾಡಿದ್ದರೆ ನಡುವೆ ಗಣಪತಿಯನ್ನೋ ಹೂವನ್ನೋ ಇಟ್ಟು ಮೂಲೆಯನ್ನು ಹಗುರ ಬಿಡುತ್ತಿದ್ದರೇನೋ. ನನ್ನ ಕೈ ಹಾಗೆ ಹೋಗಲಿಲ್ಲ. ಇದ್ದ ಬಣ್ಣದಲ್ಲಿ ಅತಿ ಗಟ್ಟಿಯಾದದ್ದನ್ನು ಮೂಲೆಗೇ ಇಟ್ಟೆ. ಆ ಮಾವಿನಕಾಯಿಗಳಷ್ಟು ಚೆನ್ನಾಗಿ ನಾನು ಅದಕ್ಕೆ ಮೊದಲು ಏನನ್ನೂ ಬರೆದಿರಲಿಲ್ಲ.

ಮುಗಿದ ಪತ್ರಿಕೆಗಳನ್ನು ಎರಡು ಕಟ್ಟು ಮಾಡಿ ಒಂದನ್ನು ಹರೂರಿಗೆ ಕಳಿಸಿದರು, ಒಂದನ್ನು ಜಯಂತಿ ಇಟ್ಟುಕೊಂಡಳು. ತೈ ಹುಟ್ಟಿದ ಮೊದಲ ಶುಕ್ರವಾರ ಹರೂರಿನಿಂದ ಫೋನು ಬಂತು. ನಮಗಲ್ಲ, ಜಯಂತಿಗೆ. ಅವಳು ನಮ್ಮ ಮನೆಗೆ ಬಂದಾಗ ಕೈಯಲ್ಲಿ ತನ್ನ ಪಾಲಿನ ಪತ್ರಿಕೆಗಳ ಕಟ್ಟು ಇತ್ತು.

ನಡೆದದ್ದು ಇಷ್ಟು. ಹುಡುಗನ ತಾಯಿ ಸರೋಜಮ್ಮ ಮೊದಲ ಪತ್ರಿಕೆಯನ್ನು ದೇವರ ಮುಂದೆ ಇಟ್ಟಳು. ಇಡುವ ಮೊದಲು, ಎಲ್ಲರೂ ಮಾಡುವ ಹಾಗೆ, ಅರಿಶಿನವನ್ನು ನೀರಿನಲ್ಲಿ ಕಲಸಿ ನಾಲ್ಕು ಮೂಲೆಗೂ ಹಚ್ಚಿದಳು. ಪತ್ರಿಕೆಯನ್ನು ದೇವರ ಪಟಕ್ಕೆ ಒರಗಿಸಿ ನಿಲ್ಲಿಸಿದಳು. ದೀಪ ಹಚ್ಚಿ ತಿರುಗಿ ನೋಡುವಷ್ಟರಲ್ಲಿ ಮೇಲಿನ ಮೂಲೆಯಿಂದ ಕೆಂಪು ನೀರು ಇಳಿದು ಹುಡುಗಿಯ ಹೆಸರನ್ನು ಮುಟ್ಟಿತ್ತು. ಆ ಹೊತ್ತಿಗೆ ಸರೋಜಮ್ಮನ ನಾದಿನಿ ಅಲ್ಲೇ ಇದ್ದಳು. ರಕ್ತದ ಹಾಗೆ ಇದೆ ಎಂದಳಂತೆ. ಬರೆದವರು ಯಾರು ಎಂದು ಕೇಳಿದಳಂತೆ. ಯಾರೆಂದು ಗೊತ್ತಾದ ಮೇಲೆ ಮುಂದೆ ಹೇಳುವುದು ಏನೂ ಉಳಿಯಲಿಲ್ಲ.

ಜಯಂತಿ ಕಟ್ಟನ್ನು ಬಾಗಿಲ ಪಕ್ಕದ ಹಲಗೆಯ ಮೇಲೆ ಇಟ್ಟಳು. "ನಿಮ್ಮತ್ರಾನೇ ಇರ್ಲಿ ಅತ್ತೆ. ಎಲ್ಲಾನೂ ಪ್ರೆಸ್ಸಲ್ಲೇ ಮಾಡಿಸ್ಕೊತೀವಿ," ಎಂದಳು. ಅವಳು ಜಗಳ ಆಡಿದ್ದರೆ ವಾಸಿಯಾಗಿತ್ತು.

ಹೊಸ ಬಟ್ಟೆಯ ಮೂಲೆಗೂ ನಾವು ಅರಿಶಿನ ಹಚ್ಚದೆ ಉಡುವುದಿಲ್ಲ. ಬಣ್ಣ ಬಿಡುವ ನೂಲು ಯಾವುದು, ಬಿಡದ ನೂಲು ಯಾವುದು ಎಂದು ಒದ್ದೆ ಬೆರಳಲ್ಲಿ ಉಜ್ಜಿ ನೋಡುವುದು ನನಗೆ ಎಂಟು ವರ್ಷಕ್ಕೇ ಗೊತ್ತಿತ್ತು. ಕಾಗದ ಎಂದ ಕೂಡಲೇ ಅದೆಲ್ಲ ಮರೆತಿತ್ತು. ಫ್ರೇಮಿಗೂ ಹಲಗೆಗೂ ಗಾಜು ಇರುತ್ತಿತ್ತು, ನೀರು ತಾಕುವ ಮಾತೇ ಇರಲಿಲ್ಲ. ಮಾರ್ಗಳಿಯಲ್ಲಿ ಯಾರೂ ಪತ್ರಿಕೆಗೆ ಅರಿಶಿನ ಇಟ್ಟು ನೋಡುವುದೂ ಇಲ್ಲ.

ಕಲಾ ಅಳಲಿಲ್ಲ. ಫೋನು ಹಿಡಿದು ದಾರಿ ಹುಡುಕಿದಳು. ಬಣ್ಣ ಕರಗದ ಹಾಗೆ ಮಾಡುವ ವಾರ್ನಿಷ್ ಸ್ಪ್ರೇ ಸಿಗುತ್ತದೆ ಎಂದು ತಂದು, ಒಂದು ಪತ್ರಿಕೆಗೆ ಹೊಡೆದು ಒಣಗಿಸಿದೆವು. ಬಣ್ಣ ನಿಂತಿತು. ಆದರೆ ಅರಿಶಿನ ಹಚ್ಚಿದರೆ ಎಲೆಯ ಮೇಲಿನ ನೀರಿನ ಹಾಗೆ ಜಾರಿತು. ಅರಿಶಿನ ಹಿಡಿಯದ ಲಗ್ನಪತ್ರಿಕೆಯನ್ನು ಯಾರ ಮನೆಗೆ ಕೊಡುವುದು? ಮೇಲಾಗಿ ಪೆಟ್ರೋಲ್ ಬಂಕಿನ ವಾಸನೆ. ಕಲಾ ಆ ಡಬ್ಬಿಯನ್ನು ಮೂಲೆಗೆ ತಳ್ಳಿ, "ಬಿಡಿ ಅತ್ತೆ. ಸೋಮವಾರ ಪಟ್ಟರೆಗೆ ಓಗಿ ಕೇಳ್ತೀನಿ, ಜಾಗ ಐತಾ ಅಂತ," ಎಂದಳು. ಹೇಳುವಾಗಲೇ ಕೆಮ್ಮಿದಳು.

ಆ ಪತ್ರಿಕೆಗಳು ತಿರುಗಿ ಬಂದವು ಎಂದರೆ ನಮ್ಮ ಜನರಲ್ಲಿ ಸುದ್ದಿ ಸೇಲಂನಿಂದ ಧರ್ಮಪುರಿಯವರೆಗೆ ಒಂದೇ ವಾರದಲ್ಲಿ ಓಡುತ್ತದೆ. ಮದುವೆಯ ಆರ್ಡರ್ ಹೋಗಲಿ, ಮಗುವಿನ ಹೆಸರು ಬರೆಸಲೂ ಯಾರೂ ಬರುವುದಿಲ್ಲ. ನಾನು ಮಾರನೆಯ ದಿನ ಜಯಂತಿ ಇಟ್ಟುಹೋದ ಕಟ್ಟು, ಬಣ್ಣದ ಡಬ್ಬ, ಎರಡು ಬ್ರಷ್, ಒಂದು ಖಾಲಿ ಕಾಗದ, ಒಂದು ಹಳೆ ಪಂಚೆಯ ತುಂಡು ಚೀಲಕ್ಕೆ ಹಾಕಿಕೊಂಡು ಹರೂರಿನ ಬಸ್ ಹತ್ತಿದೆ. ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಸರೋಜಮ್ಮನ ಮುಖ ನೋಡಿ ಒಂದು ಮಾತು ಕೇಳಬೇಕು ಎಂದಷ್ಟೇ ಗೊತ್ತಿತ್ತು. ಮಂಜವಾಡಿ ಕಣಿವೆಯಲ್ಲಿ ಬಸ್ಸು ಏರುವಾಗ ಮಡಿಲಲ್ಲಿದ್ದ ಚೀಲ ಭಾರವಾಗಿತ್ತು.

ಅಂಗಡಿಯ ಹಿಂದೆಯೇ ಅವರ ಮನೆ. ಸರೋಜಮ್ಮ ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು. ದೊಡ್ಡ ಕುಂಕುಮ, ದಪ್ಪ ದನಿ. ಒಳಗೆ ಕರೆಯಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಹಜಾರದಲ್ಲಿ ಚಾಪೆ ಹಾಸಿ ಮಜ್ಜಿಗೆ ತಂದುಕೊಟ್ಟಳು. ನಾನು ಮಜ್ಜಿಗೆ ಮುಗಿಸಿ ಸುತ್ತಿ ಬಳಸದೆ ಹೇಳಿದೆ: ನನ್ನ ಕೈಯಿಂದ ಕೆಟ್ಟದ್ದಾಯಿತು ಎನ್ನುತ್ತೀರಂತೆ, ನಿಮ್ಮ ಕೈಯಿಂದ ಹಚ್ಚಿ ನೋಡಿ. ಒಂದು ಖಾಲಿ ಕಾಗದ ಕೊಟ್ಟು ಬ್ರಷ್ಷನ್ನು ಅವಳ ಕೈಗಿಟ್ಟೆ. ಅವಳು ನಗುವುದೋ ಬೇಡವೋ ಎಂಬ ಹಾಗೆ ನೋಡಿ, ಒಂದು ಮೂಲೆಗೆ ಕೆಂಪು ಬಳಿದಳು. ಫ್ಯಾನಿನ ಕೆಳಗೆ ಒಣಗಿಸಿದೆವು. ಅವಳೇ ಅರಿಶಿನ ಕಲಸಿ ತಂದು ಹಚ್ಚಿದಳು. ಕಾಗದ ಎತ್ತಿ ಹಿಡಿದಾಗ ಅವಳ ಕೆಂಪೂ ಇಳಿಯಿತು.

"ಈಗ ಯಾರ ಕೈ ಕೆಟ್ಟದ್ದು?" ಎಂದೆ.

ಸರೋಜಮ್ಮ ಕಾಗದವನ್ನು ಚಾಪೆಯ ಮೇಲೆ ಇಟ್ಟಳು. "ಅಕ್ಕ, ನಾನು ಮದ್ವೆಯಾಗಿ ಬಂದಾಗಿಂದ ಜವಳಿ ಅಂಗಡೀಲೇ ಕೂತಿರೋಳು. ಬಣ್ಣ ನೀರಿಗೆ ಬಿಡ್ತೈತೆ ಅಂತ ನನಗೆ ನೀವು ಏಳಿಕೊಡಬೇಕಾ? ನಿಮ್ಮ ಕೈನೂ ನಾನು ಏನೂ ಅನ್ಲಿಲ್ಲ, ಅಂದಿದ್ದು ನಮ್ಮ ನಾದಿನಿ. ಆದ್ರೆ ಇದನ್ನ ಅವ್ಳ ಊರಿಗೂ ತಕ್ಕೊಂಡೋಗಿ ಕೊಡಬೇಕಲ್ಲ. ಅಲ್ಲಿ ಅವ್ರು ಅರಿಶ್ನ ಇಟ್ಟಾಗ ಇಂಗೇ ಇಳಿದ್ರೆ, ಅವ್ರ ಬಾಯಿಗೆ ನಾನು ಏನಿಡ್ಲಿ?"

ಗೆಲ್ಲಲು ಬಂದಿದ್ದೆ, ಗೆದ್ದದ್ದು ಕೆಲಸಕ್ಕೆ ಬರಲಿಲ್ಲ. ಕೆಂಪು ನೀರು ಚಾಪೆಗೆ ಹರಿಯುತ್ತಿತ್ತು. ಅವರ ಚಾಪೆ ಕೆಡುತ್ತದಲ್ಲ ಎಂದು ಪಂಚೆಯ ತುಂಡಿನಿಂದ ಕಾಗದದ ಮೂಲೆಯನ್ನು ಒತ್ತಿದೆ. ಬಟ್ಟೆ ಎತ್ತಿದರೆ ಕೆಂಪು ಬಟ್ಟೆಗೆ ಬಂದಿತ್ತು, ಕಾಗದದಲ್ಲಿ ಬರೀ ನೆರಳಿನಷ್ಟು ಉಳಿದಿತ್ತು.

ನೀರಿನ ಬಣ್ಣವನ್ನು ಹೀಗೆ ಎತ್ತುವುದು ಹೊಸದಲ್ಲ. ಒದ್ದೆ ಬ್ರಷ್ಷಿನಿಂದ ನೆನೆಸಿ ಬಟ್ಟೆ ಒತ್ತಿದರೆ ಬಣ್ಣ ಮೇಲೆ ಬರುತ್ತದೆ. ಹೂವಿನ ಮೇಲೆ ಬೆಳಕು ತೋರಿಸಲು ನಾನು ದಿನವೂ ಮಾಡುವ ಕೆಲಸ. ತಪ್ಪಿ ಬಿದ್ದ ಚುಕ್ಕೆಗೆ ಮಾಡಿದ್ದೇನೆ. ಚೆನ್ನಾಗಿ ಬಂದದ್ದನ್ನು ಅಳಿಸಲು ಮಾತ್ರ ಮಾಡಿರಲಿಲ್ಲ.

ಕಟ್ಟಿನಿಂದ ಒಂದು ಪತ್ರಿಕೆ ಎಳೆದೆ. ಮೂಲೆಯ ಮಾವಿನಕಾಯಿಗೆ ನೀರು ಹಚ್ಚಿದೆ. ಒಂದು ಗಳಿಗೆ ಬಿಟ್ಟು ಬಟ್ಟೆ ಒತ್ತಿದೆ. ಎರಡು ಸಲ ಒತ್ತಿದ ಮೇಲೆ ಅದು ಇರಲಿಲ್ಲ. ಗೋಪುರದ ಸಾಲು ಮೂಲೆಗೆ ಬರುವ ಮೊದಲೇ ಬಾಗಿ ನಿಂತಿತು, ಆಮೇಲೆ ತೆಳು ಗುಲಾಬಿಯ ಒಂದು ಖಾಲಿ ಜಾಗ. ನಾಲ್ಕೂ ಮೂಲೆ ಹಾಗೆ ಮಾಡಿ, ಒಣಗಿಸಿ ಸರೋಜಮ್ಮನ ಮುಂದೆ ಇಟ್ಟೆ. ಅವಳು ಉಂಗುರ ಬೆರಳಿಂದ ಅರಿಶಿನ ಇಟ್ಟಳು. ಪತ್ರಿಕೆಯನ್ನು ತೆಗೆದುಕೊಂಡು ಒಳಗೆ ಹೋಗಿ ದೇವರ ಪಟಕ್ಕೆ ಒರಗಿಸಿ ಕಾದಳು. ಏನೂ ಇಳಿಯಲಿಲ್ಲ. ಅರಿಶಿನದ ಅಡಿಯಲ್ಲಿ ಉಳಿದಿದ್ದ ಗುಲಾಬಿ ಕುಂಕುಮ ಬೆರೆಸಿದ ಹಾಗೆ ಕಂಡಿತು.

ಹೊರಗೆ ಬಂದು ಅವಳು ನನ್ನ ಎದುರೇ ಚಾಪೆಯ ಮೇಲೆ ಕುಳಿತಳು. ತನ್ನ ಪಾಲಿನ ಕಟ್ಟನ್ನೂ ತರಿಸಿದಳು. "ಎಲ್ಲದಕ್ಕೂ ಇಲ್ಲೇ ನಾನೇ ಅರಿಶ್ನ ಇಟ್ಟು ಕಳಿಸ್ತೀನಿ. ನಾಕು ಮೂಲೆ ನಂದು, ಮಿಕ್ಕಿದ್ದು ನಿಂದು. ಆಗ ಯಾವೋಳು ಬಾಯಿ ಬಿಡ್ತಾಳೋ ನೋಡ್ತೀನಿ," ಎಂದಳು. ನೀವು ಹೋಗಿ ನೀನು ಆಗಿತ್ತು. ನನಗೆ ಅದು ಹಿತವಾಗಿತ್ತು.

ಮಧ್ಯಾಹ್ನವಿಡೀ ಕೆಲಸ. ನಾನು ನೆನೆಸಿ ಒತ್ತುವುದು, ಅವಳು ಫ್ಯಾನಿನ ಕೆಳಗೆ ಹರಡುವುದು, ಒಣಗಿದ್ದಕ್ಕೆ ಅರಿಶಿನ ಇಡುವುದು. ಬಟ್ಟೆಯ ತುಂಡು ಸಾಲದೆ ಅಂಗಡಿಯಿಂದ ಕಟ್ ಪೀಸ್ ತರಿಸಿದಳು. ಊಟ ಹಾಕಿದಳು. ಊಟದ ನಡುವೆ ಕೇಳಿದಳು, ಅಷ್ಟು ಚೆಂದದ ಮಾವಿನಕಾಯಿ ಅಳಿಸುವಾಗ ಹೊಟ್ಟೆ ಉರಿಯುವುದಿಲ್ಲವೇ ಎಂದು. ಉರಿಯುತ್ತದೆ, ಸ್ವಲ್ಪ ಮಜ್ಜಿಗೆ ಹಾಕು ಎಂದೆ.

ಕೊನೆಗೆ ಒಂದೇ ಪತ್ರಿಕೆ ಉಳಿಯಿತು. ಅದು ನಮ್ಮ ಮನೆಗೆ ಎಂದು ಜಯಂತಿ ಮೊದಲೇ ಗುರುತು ಹಾಕಿದ್ದು. ಸರೋಜಮ್ಮ ಅದನ್ನೂ ಅರಿಶಿನದ ಬಟ್ಟಲನ್ನೂ ನನ್ನ ಕಡೆ ತಳ್ಳಿದಳು.

"ಇದಕ್ಕೆ ನೀನೇ ಇಟ್ಕೊ."

ಗಂಡ ಹೋದ ಮೇಲೆ ಶುಭಕಾರ್ಯದ ಅರಿಶಿನದ ಬಟ್ಟಲನ್ನು ನನ್ನ ಕಡೆ ಯಾರೂ ತಳ್ಳಿರಲಿಲ್ಲ. ನಾನು ಕೇಳಿದೆ, "ಯಾಕೆ, ಕೈ ನೋವಾ?"

"ಊಂ, ಕೈ ನೋವು," ಎಂದು ಅವಳು ಬೆರಳು ಒರೆಸಿಕೊಂಡಳು.

ಇಟ್ಟೆ. ಸಂಜೆಯ ಬಸ್ಸಿಗೆ ಸೇಲಂಗೆ ಬಂದೆ. ಜಯಂತಿ ಕಟ್ಟು ಬಿಚ್ಚಿ ಅರಿಶಿನ ನೋಡಿದಳು, ಯಾರ ಕೈಯದೆಂದು ಕೇಳಿ ತಿಳಿದುಕೊಂಡಳು, ಪ್ರೆಸ್ಸಿಗೆ ಫೋನು ಮಾಡಿ ಬೇಡ ಎಂದಳು. ಪತ್ರಿಕೆಗಳು ಊರೂರಿಗೆ ಹೋದವು. ನಾದಿನಿಯ ಊರಿಂದಲೂ ಏನೂ ಕೇಳಿಬರಲಿಲ್ಲ. ಮುತ್ತೈದೆಯ ಕೈ ಸೋಕಿತು ಎಂದು ಅವರ ಬಾಯಿ ಮುಚ್ಚಿತೇ ಹೊರತು ನನ್ನ ಕೈಯನ್ನು ಒಪ್ಪಿ ಅಲ್ಲ. ಅದು ನನಗೆ ಗೊತ್ತು. ಸರೋಜಮ್ಮನಿಗೂ ಗೊತ್ತು. ಮದುವೆಯಲ್ಲಿ ಉಂಡು ಬಂದೆವು. ಛತ್ರದಲ್ಲಿ ಇಬ್ಬರು ಕಲಾಳ ಫೋನ್ ನಂಬರ್ ಕೇಳಿದರು, ಅವಳು ಮತ್ತೆ ಪಟ್ಟರೆಗೆ ಹೋಗಲೇ ಇಲ್ಲ.

ಆಮೇಲೆ ಬಂದ ಮದುವೆ ಆರ್ಡರುಗಳಿಗೆಲ್ಲ ನಾನು ಮೊದಲು ಮಾಡುವ ಕೆಲಸ ಒಂದೇ. ನೂಲು ಮೀಟಿ ನಾಲ್ಕು ಮೂಲೆಗೂ ಗೆರೆ ಹಾಕಿ ಖಾಲಿ ಬಿಡುತ್ತೇನೆ. ಅಲ್ಲಿಗೆ ವಾಶ್ ಕೂಡ ತಾಕಿಸುವುದಿಲ್ಲ. ಡಿಸೈನ್ ಫೋನಿನಲ್ಲಿ ನೋಡಿದ ಹುಡುಗ ಹುಡುಗಿಯರು ಮೂಲೆ ಖಾಲಿ ಇದೆ, ಅಲ್ಲೂ ಏನಾದರೂ ಹಾಕಿ ಅಜ್ಜಿ ಎನ್ನುತ್ತಾರೆ. ಹಾಕುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಅದು: ಬರೆದು ಮುಗಿಸಿದ್ದನ್ನು ಇನ್ನೊಬ್ಬರು ತಮ್ಮ ದೇವರ ಮುಂದೆ ಇಡುತ್ತಾರೆ, ಅವರ ಬೆರಳಿಗೆ ಜಾಗ ಬಿಡದೆ ನಾನೇ ಎಲ್ಲವನ್ನೂ ತುಂಬಿದರೆ ಆ ಪತ್ರಿಕೆ ಅವರದ್ದಾಗುವುದಿಲ್ಲ.

ಗಂಡ ಸತ್ತವಳ ಕೈ ಎನ್ನುವವರು ಈಗಲೂ ಇದ್ದಾರೆ. ಅವರಿಗೆ ಪ್ರೆಸ್ ಇದೆ. ಹೋದ ಆವಣಿ ತಿಂಗಳಲ್ಲಿ ಸರೋಜಮ್ಮ ಫೋನು ಮಾಡಿ ಮೊಮ್ಮಗನಿಗೆ ಹೆಸರಿಡುವ ಕಾರ್ಡು ಬೇಕೆಂದಳು. ಯಾವ ಬಣ್ಣ, ಎಷ್ಟು ದೊಡ್ಡದು ಎಂದು ಏನೂ ಹೇಳಲಿಲ್ಲ.

"ಮೂಲೆ ನನಗೆ ಬಿಡು," ಎಂದಳು, ಅಷ್ಟೇ.